ಬಾಣಂತಿಯ ನೀರಿಗೆ ನೀಲಾಂಬಿಕ ಹೂಡಿದ ಸಮರ

ಶಿಕಾರಿಪುರದ ನೀಲಾಂಬಿಕಳ ಗಿರಣಿಗೆ ಬಂದ ಜೋಳ ಅಳತೆಗೆ ಸರಿಯಾಗಿ ಹಿಟ್ಟಾಗಿ ಹೋಗುತ್ತದೆ. ಸುದ್ದಿ ಮಾತ್ರ ಬಂದದ್ದಕ್ಕಿಂತ ದುಪ್ಪಟ್ಟಾಗಿ ಹೋಗುತ್ತದೆ. ಬೆಲ್ಟು ತಿರುಗುವಾಗ ಅಲ್ಲಿ ಪಿಸುಮಾತಿಗೆ ಜಾಗವಿಲ್ಲ. ಯಾರ ಸೊಸೆಗೆ ಬಸಿರು ನಿಂತಿತು, ಯಾರ ಮಾವನಿಗೆ ಮೂಲವ್ಯಾಧಿ ಎದ್ದಿತು, ಎಲ್ಲವನ್ನೂ ಕಿರುಚಿಯೇ ಹೇಳಬೇಕು. ಹೀಗಾಗಿ ಊರಿನ ಗುಟ್ಟುಗಳೆಲ್ಲ ಅಲ್ಲಿ ಬಹಿರಂಗ ಸಭೆ ನಡೆಸುತ್ತವೆ.

ಈ ಸಭೆಯ ಖಾಯಂ ಅಧ್ಯಕ್ಷೆ ನೀಲಾಂಬಿಕ ಹುಟ್ಟಿದ್ದು ಕುಪ್ಪಗಡ್ಡೆಯಲ್ಲಿ, ಹುಟ್ಟಿದ್ದೇ ತಕರಾರಿನೊಂದಿಗೆ. ನಿಂಬೆಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತದೆ ಎಂದು ಹಿರಿಯರು ಹೆದರಿಸಿದ್ದಕ್ಕೆ, ಬೇಕೆಂದೇ ಒಂದು ನುಂಗಿ, ಮೊಳಕೆ ಬೇಗ ಬರಲಿ ಎಂದು ಹೊಟ್ಟೆಯನ್ನು ಬಿಸಿಲಿಗೆ ಒಡ್ಡಿಕೊಂಡು ಕೂತವಳು ಆಕೆ. ಗಿಡ ಬರಲಿಲ್ಲ. ಅಂದಿನಿಂದ ಯಾರು ಏನು ಹೇಳಿದರೂ ಆಕೆಯ ಹುಬ್ಬು ಮೇಲೇರುತ್ತದೆ. ಗಂಡ ವೀರಬಸಪ್ಪ ಸಕ್ಕರೆ ಕಾಯಿಲೆಗೆಂದು ಬೆಳಿಗ್ಗೆ ಹಾಗಲಕಾಯಿ ರಸ ಕುಡಿದು, ಕುಡಿದ ರಸಕ್ಕೆ ಕೆಲಸ ಬೇಡವೇ ಎಂದು ತಿಂಡಿಯ ಹೊತ್ತಿಗೆ ಜಿಲೇಬಿ ತಿನ್ನುವ ಮಹಾನುಭಾವ. ಅವನನ್ನು ತಿದ್ದಲು ಹೋಗಿ ಸೋತ ಮೇಲೆ ನೀಲಾಂಬಿಕಳಿಗೆ ಒಂದು ಸತ್ಯ ಹೊಳೆದಿತ್ತು: ಜನ ಡಾಕ್ಟರ ಮಾತನ್ನು ಕೇಳಿಸಿಕೊಳ್ಳುತ್ತಾರೆ, ಪಕ್ಕದ ಮನೆಯವರ ಮಾತನ್ನು ಪಾಲಿಸುತ್ತಾರೆ.

ಇಂಥ ವೀರನಾರಿಯ ಮನೆಯಲ್ಲೇ ಯುದ್ಧ ಬಂತು. ಆನವಟ್ಟಿಗೆ ಕೊಟ್ಟಿದ್ದ ಮಗಳು ಶೃತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಪರೇಷನ್ ಆಗಿ ಹೆಣ್ಣುಕೂಸು ಹುಟ್ಟಿತು. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರಮ್ಮ, "ನೀರು ಚೆನ್ನಾಗಿ ಕುಡೀಬೇಕು, ಎಲ್ಲಾ ತಿನ್ನಬೇಕು" ಎಂದು ಒತ್ತಿ ಹೇಳಿ ಕಳಿಸಿದಳು. ಆ ಮಾತು ಮನೆಯ ಹೊಸಿಲಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಹೊಸಿಲ ಒಳಗೆ ನೀಲಾಂಬಿಕಳ ಅತ್ತೆ ವೀರಮ್ಮನ ರಾಜ್ಯ.

ವೀರಮ್ಮನಿಗೆ ಎಂಬತ್ತು ದಾಟಿತ್ತು. ಬಾಣಂತಿ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಮಂಚ ಹಾಕಿಸಿಕೊಂಡು ಕೋಟೆ ಕಾಯತೊಡಗಿದಳು. ಬೇಳೆ ವಾಯು. ಮೊಸರು ಶೀತ. ಸೊಪ್ಪು ಕೂಸಿಗೆ ಭೇದಿ. ಬದನೆಕಾಯಿಯ ಹೆಸರನ್ನು ಆ ಕೋಣೆಯ ಹತ್ತಿರ ಎತ್ತಿದರೂ ಹೊಲಿಗೆ ನಂಜಾಗುತ್ತದೆ. ಉಳಿದದ್ದು ಅನ್ನ, ಮೆಣಸಿನ ಸಾರು. ನೀರಂತೂ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಅದೂ ಓಮ ಹಾಕಿ ಕುದಿಸಿದ್ದು.

"ಜಾಸ್ತಿ ಕುಡಿದ್ರೆ ಹೊಟ್ಟಿ ಬರ್ತತಿ" ಎಂದಳು ವೀರಮ್ಮ.

"ಅತ್ತಿ, ಡಾಕ್ಟರಮ್ಮ ಕುಡಿ ಅಂದಾಳಲ್ಲ?"

"ಅಕಿ ನಿನ್ನಿ ಮೊನ್ನಿ ಹುಟ್ಟಿದಾಕಿ. ನಾ ಆರು ಹಡೆದೀನಿ. ಅಕಿ ಎಷ್ಟು ಹಡೆದಾಳ ಕೇಳ್ಕೊಂಡು ಬಾ ಹೋಗು."

ನೀಲಾಂಬಿಕ ಜೋರು ಮಾಡಿದರೆ ವೀರಮ್ಮನ ಬತ್ತಳಿಕೆಯಲ್ಲಿ ಬ್ರಹ್ಮಾಸ್ತ್ರವಿತ್ತು: "ಹಂಗಾರೆ ನಾ ಉಣ್ಣಂಗಿಲ್ಲ." ಸಕ್ಕರೆ ಕಾಯಿಲೆಯ ಮುದುಕಿ ಮಾತ್ರೆ ನುಂಗಿ ಉಪವಾಸ ಕೂತರೆ ಮಧ್ಯಾಹ್ನಕ್ಕೆ ತಲೆ ತಿರುಗಿ ಬೀಳುತ್ತಾಳೆ. ಒಮ್ಮೆ ಬಿದ್ದೂ ತೋರಿಸಿದ್ದಳು. ಇನ್ನು ಮಾತಾಡುವವರು ಯಾರು?

ಆದರೆ ಶೃತಿಯ ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ಮೂತ್ರಕ್ಕೆ ಹೋದರೆ ಉರಿ. ಎದೆಹಾಲು ಕಡಿಮೆಯಾಗಿ ಕೂಸು ಚೀಪಿ ಚೀಪಿ ರೇಗುತ್ತಿತ್ತು. ಒಂದು ಬೆಳಿಗ್ಗೆ ಎರೆಯುವಾಗ ಹುಡುಗಿ ಚೊಂಬಿನಲ್ಲಿದ್ದ ಸ್ನಾನದ ನೀರನ್ನೇ ಬಾಯಿಗೆ ಎತ್ತಿದ್ದನ್ನು ನೀಲಾಂಬಿಕ ಕಂಡಳು. ಚೊಂಬು ಕಸಿದುಕೊಂಡಳು, ಬೈಯಲು ಬಾಯಿ ಬರಲಿಲ್ಲ. ತನ್ನ ಬಾಣಂತನದಲ್ಲಿ ತಾನೂ ಅದನ್ನೇ ಮಾಡಿದ್ದಳು. ಅಂದೇ ಸಮರ ಸಾರಿದಳು.

ಮೊದಲು ಸೇನಾಪತಿಯನ್ನು ಕಂಡಳು. ಗಿರಣಿಯ ಪಕ್ಕದಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ ಖುರ್ಷೀದ್ ಬೀ ನೂಲು ಕಡಿಯುತ್ತ ಕೇಳಿಸಿಕೊಂಡು ನಕ್ಕಳು. "ನಮ್ಮಲ್ಲಿ ಬಾಣಂತಿಗೆ ಮಾಂಸದ ಸಾರು, ಮೊಟ್ಟೆ. ನಿಮ್ಮಲ್ಲಿ ಬೇಳೇನೂ ನಂಜು. ಮಧ್ಯೆ ಒಂದು ಗೋಡೆ ಅಷ್ಟೇ ಅಕ್ಕಾ. ಆ ನಂಜಿಗೆ ಗೋಡೆ ಹತ್ತೋಕೆ ಬರಲ್ವಾ?"

"ಬದನೆಕಾಯಿ ಕೊಡ್ತೀರೇನು?"

"ತೋಬಾ! ಬದನೆಕಾಯಿ ಮಾತ್ರ ಇಲ್ಲ. ಅದು ನಂಜು."

ಬದನೆಕಾಯಿಗೆ ತಗುಲಿದ ಶಾಪಕ್ಕೆ ಜಾತಿಭೇದವಿಲ್ಲ ಎಂದು ನೀಲಾಂಬಿಕಳಿಗೆ ಮನವರಿಕೆಯಾಯಿತು. ಸೇನಾಪತಿಯೂ ಶತ್ರುವಿನ ಉಪ್ಪು ತಿಂದವಳೇ! ಇನ್ನು ಉಳಿದದ್ದು ಒಂದೇ ದಾರಿ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ಮಾರನೆಯ ದಿನ ಗಿರಣಿ ತುಂಬ ಹೆಂಗಸರಿದ್ದ ಹೊತ್ತು ನೋಡಿ, ಬೆಲ್ಟಿನ ಸದ್ದಿಗಿಂತ ಮೇಲೆ ದನಿ ಎತ್ತಿದಳು. "ಬಳ್ಳಿಗಾವಿ ಕಡೆ ಹಳಬರು ಹೇಳ್ತಾರಂತೆ ಕಣ್ರೇ! ಬಾಣಂತಿ ಬಾಯಿ ಒಣಗಿದ್ರೆ ಕೂಸಿನ ನಾಲಿಗೆ ದಪ್ಪ ಆಗ್ತತಂತೆ! ಮಾತೇ ಬರಲ್ವಂತೆ!" ಯಾವ ಹಳಬರು ಎಂದು ಒಬ್ಬರೂ ಕೇಳಲಿಲ್ಲ. ಡಾಕ್ಟರಮ್ಮನ ಹೆರಿಗೆಯ ಲೆಕ್ಕ ಕೇಳುವ ಊರು, ಬಳ್ಳಿಗಾವಿಯ ಹಳಬರ ಹೆಸರನ್ನೂ ಕೇಳಲಿಲ್ಲ.

ಬಾಣ ಗುರಿ ಮುಟ್ಟಿತು. ಸಂಜೆ ಕೂಸು ನೋಡಲು ಬಂದ ನೆರೆಯಾಕೆಯೊಬ್ಬಳು ಅದನ್ನೇ ವೀರಮ್ಮನ ಕಿವಿಗೆ ಹಾಕಿದಳು. ಮುದುಕಿ ಗಾಬರಿಯಾಗಿ, "ಏ ನೀಲಾ, ಆ ಹುಡುಗಿಗೆ ನೀರು ಕೊಡೇ! ಮೂಗಿ ಆದೀತು ಕೂಸು!" ಎಂದು ಕೂಗಿದಳು. ಶೃತಿ ಗಟಗಟನೆ ಕುಡಿದಳು. ನೀಲಾಂಬಿಕ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ವಿಜಯೋತ್ಸವ ಆಚರಿಸಿದಳು.

ಆದರೆ ನಮ್ಮ ಜನಕ್ಕೆ 'ಕುಡಿಯಬಹುದು' ಎಂಬ ಮಾತು ಬರಿಮೈಯಲ್ಲಿ ನಿಂತಂತೆ ಕಾಣುತ್ತದೆ. ಅದಕ್ಕೊಂದು 'ಆದರೆ' ಉಡಿಸದೆ ಬೀದಿಗೆ ಬಿಡುವುದಿಲ್ಲ. ಒಬ್ಬಳು, ಆದರೆ ಕಬ್ಬಿಣ ಕಾಯಿಸಿ ಅದ್ದಿದ ನೀರೇ ಆಗಬೇಕು ಎಂದಳು. ಇನ್ನೊಬ್ಬಳು, ಆದರೆ ಕೂತೇ ಕುಡಿಯಬೇಕು ಎಂದಳು. ಮತ್ತೊಬ್ಬಳು, ಆದರೆ ದೀಪ ಹಚ್ಚಿದ ಮೇಲೆ ಬೆಳಗಾಗುವ ತನಕ ಹನಿಯೂ ಕೂಡದು, ಕತ್ತಲೆಯ ನೀರು ಸೀದಾ ಕೂಸಿನ ನಾಲಿಗೆಗೇ ಇಳಿಯುತ್ತದೆ ಎಂದಳು. ಹೀಗೆ ಉಡುಗೆ ತೊಡುಗೆ ಹಾಕಿಕೊಂಡು ಮಾತು ಬಸ್ ಹತ್ತಿ ಆನವಟ್ಟಿಗೆ ಹೋಗಿ, ವಾರದೊಳಗೆ ಶೃತಿಯ ಅತ್ತೆ ರಾಜೇಶ್ವರಮ್ಮನ ಜೊತೆ ವಾಪಸ್ಸು ಬಂತು.

ಬೀಗಿತ್ತಿ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಾಗ ಆಗಷ್ಟೇ ದೀಪ ಹಚ್ಚಿದ್ದರು. ಶೃತಿ ನೀರು ಕೇಳಿದಳು. ನೀಲಾಂಬಿಕ ತಂಬಿಗೆ ತಂದಳು. ರಾಜೇಶ್ವರಮ್ಮ ಕೈ ಅಡ್ಡ ಹಿಡಿದರು.

"ದೀಪ ಹಚ್ಚಿ ಆಗಿದೆಯಲ್ರೀ! ಕೂಸಿನ ನಾಲಿಗೆ ಏನಾಗ್ಬೇಕು?"

ವೀರಮ್ಮ ಮಂಚದಿಂದ, "ಹೌದಲ್ಲ! ನನಗ್ಯಾರೂ ಹೇಳಲೇ ಇಲ್ಲ!" ಎಂದು ತಲೆಯ ಮೇಲೆ ಕೈಹೊತ್ತಳು.

ಶೃತಿ ಒಣ ನಾಲಿಗೆಯಿಂದ ತುಟಿ ಸವರಿಕೊಂಡಳು. ಅದು ನೀಲಾಂಬಿಕಳ ಕಣ್ಣಿಗೆ ಬಿತ್ತು. ಮೊದಲು ಸಂಜೆಗೆ ಒಂದು ಲೋಟವಾದರೂ ಇತ್ತು. ತನ್ನ ಬಾಣ ಅದನ್ನೂ ಕಿತ್ತುಕೊಂಡಿತ್ತು. ಬೀಗರ ಮುಂದೆ ಮರ್ಯಾದೆ ಹೋದರೆ ಹೋಗಲಿ ಎಂದುಕೊಂಡಳು.

"ಬೀಗ್ರೆ, ಅದೆಲ್ಲ ಸುಳ್ಳು. ಆ ನಾಲಿಗೆ ಮಾತು ಗಿರಣ್ಯಾಗ ನಿಂತು ನಾನೇ ಹುಟ್ಟಿಸಿದ್ದು."

ರಾಜೇಶ್ವರಮ್ಮ ಕನಿಕರದಿಂದ ನಕ್ಕರು. "ನೀವು ಹುಟ್ಸೋಕೆ ಆಗ್ತದೇನ್ರೀ? ಇದು ಅಜ್ಜಿ ಮುತ್ತಜ್ಜಿ ಕಾಲದಿಂದ ಬಂದದ್ದು. ನಮ್ಮ ಓರಗಿತ್ತಿ ತಂಗಿ ಮಗಳು ಕೇಳಲಿಲ್ಲ. ಅವಳ ಮಗೂಗೆ ಈಗ ಎರಡು ವರ್ಷ, ಇನ್ನೂ ಮಾತಿಲ್ಲ."

"ಎರಡು ವರ್ಷದ ಹಿಂದೆ ಈ ಮಾತೇ ಇರಲಿಲ್ಲ! ಇದು ಹುಟ್ಟಿ ಒಂದು ವಾರ ಆತು!"

"ನೋಡಿ ಮತ್ತೆ! ವಾರದೊಳಗೆ ಆನವಟ್ಟಿ ತನಕ ಬಂತು ಅಂದ್ರೆ ಅದರಲ್ಲಿ ಎಷ್ಟು ನಿಜ ಇರ್ಬೇಕು!"

ಜಗತ್ತಿನಲ್ಲಿ ಹೆತ್ತ ತಾಯಿಯ ಮಾತನ್ನು ಕೇಳದ ಮಕ್ಕಳಿದ್ದಾರೆ. ಹೆತ್ತ ಸುಳ್ಳೇ ಹೆತ್ತವಳ ಗುರುತು ಹಿಡಿಯದಿದ್ದರೆ ಆಕೆ ಏನು ಮಾಡಬೇಕು? ನೀಲಾಂಬಿಕ ತಂಬಿಗೆ ಹಿಡಿದು ನಿಂತಳು.

ಶೃತಿ ಎದ್ದಳು. ಹೊಲಿಗೆ ಹಿಡಿದುಕೊಂಡು, ಗೋಡೆ ಆನಿಸಿಕೊಂಡು ಬಂದು ಅಮ್ಮನ ಕೈಯಿಂದ ತಂಬಿಗೆ ತೆಗೆದುಕೊಂಡಳು. "ಅಮ್ಮ, ನೀ ಸುಳ್ಳು ಹೇಳೋದೂ ಬ್ಯಾಡ, ಅತ್ತೆ, ನೀವು ನಂಬೋದೂ ಬ್ಯಾಡ. ನಂಗೆ ಬಾಯಾರಿಕೆ ಆಗೈತಿ. ಉರಿ ತಡೆಯಕ್ಕಾಗ್ತಿಲ್ಲ." ಎಂದವಳೇ ತಂಬಿಗೆ ಎತ್ತಿದಳು. ಒಂದೇ ಉಸಿರಿಗೆ ಕುಡಿದಳು. ತಂಬಿಗೆ ಬರಿದಾಯಿತು.

ರಾಜೇಶ್ವರಮ್ಮ ಒಲೆಯ ಮೇಲಿನ ಹಾಲು ಕಾಯುವವರಂತೆ ಸೊಸೆಯ ಹೊಟ್ಟೆಯನ್ನೇ ನೋಡುತ್ತಿದ್ದರು. ವೀರಮ್ಮ ಮಂಚದಿಂದ ಕತ್ತು ಚಾಚಿ ನೋಡಿದಳು. ಹೊಟ್ಟೆ ಉಕ್ಕಲಿಲ್ಲ. ಕೂಸು ತನ್ನ ಸಣ್ಣ ಗುಲಾಬಿ ನಾಲಿಗೆ ಹೊರಚಾಚಿ, ಎತ್ತಿಕೊಂಡಿದ್ದ ಅಜ್ಜಿಯ ಸೀರೆಯನ್ನು ನೆಕ್ಕಿತು. ಎದೆಹಾಲು ಆ ಕ್ಷಣವೇ ಉಕ್ಕಿ ಹರಿಯಿತು ಎಂದರೆ ಅದೂ ಗಿರಣಿಯ ಸುದ್ದಿಯೇ ಆದೀತು, ಅಂಥದ್ದೇನೂ ನಡೆಯಲಿಲ್ಲ. ಆದರೆ ಹುಡುಗಿಯ ಮುಖಕ್ಕೆ ಜೀವ ಬಂದದ್ದು ಮುದುಕಿಯ ಮಬ್ಬುಗಣ್ಣಿಗೂ ಕಂಡಿತು.

"ಹೊಟ್ಟಿ ಬಂದ್ರೆ ಬರ್ಲಿ ಬಿಡ್ರೇ" ಎಂದಳು ವೀರಮ್ಮ ಕೊನೆಗೆ. "ಸೀರಿ ಉಟ್ರೆ ಯಾರಿಗೆ ಕಾಣ್ತತಿ."

ಶೃತಿ ಬರಿದಾದ ತಂಬಿಗೆಯನ್ನು ಅತ್ತೆಯ ಮುಂದೆ ಚಾಚಿದಳು. "ಅತ್ತೆ, ಇನ್ನೊಂದು ತಂಬಿಗೆ ತಂದು ಕೊಡ್ತೀರಾ?"

ರಾಜೇಶ್ವರಮ್ಮ ಕೂಸನ್ನು ನೀಲಾಂಬಿಕಳ ಕೈಗೆ ಕೊಟ್ಟು, ಎರಡೆರಡು ಸಲ ತಿರುಗಿ ಸೊಸೆಯ ಹೊಟ್ಟೆಯತ್ತ ನೋಡುತ್ತ ಅಡುಗೆಮನೆಗೆ ನಡೆದರು.