ಟ್ರಕ್ಕಿನ ಮೀಟರು ನೋಡುವ ಇಂದೂ ಮೌಶಿ

ಇಂದೂ ಮೌಶಿಯ ಅಡುಗೆಮನೆಯಲ್ಲಿ ಕಟ್ಟೆಯ ಕೆಳಗೆ ಒಂದು ಕಾಲುಪಂಪು ಇರುತ್ತಿತ್ತು, ಸೈಕಲ್ಲಿಗೆ ಗಾಳಿ ಹಾಕುವಂಥದು. ಮೇಲೆ ಕೊತ್ತಂಬರಿ ಹೆಚ್ಚುತ್ತ, ಕೆಳಗೆ ಬಲಗಾಲಿನಿಂದ ಪಂಪು ಒತ್ತುತ್ತ, ಆ ಪಂಪಿಗೆ ಜೋಡಿಸಿ ಕಿಟಕಿಯಲ್ಲಿಟ್ಟ ಮಿಲಿಟರಿ ಟ್ರಕ್ಕಿನ ಮೀಟರಿನ ಮೇಲೆ ಕಣ್ಣು ನೆಟ್ಟು ನಿಂತಿರುತ್ತಿದ್ದರು. ಗಾಳಿಯ ಒತ್ತಡ ಏರಿದಂತೆ ಮೀಟರಿನ ಮುಳ್ಳೂ ಏರಿದರೆ ಹೆಚ್ಚುವ ಕೈ ಚುರುಕಾಗುತ್ತಿತ್ತು. ಮುಳ್ಳು ಅಲ್ಲಾಡದಿದ್ದರೆ ಚಾಕು ನಿಲ್ಲುತ್ತಿತ್ತು. ಆಗ ಒಲೆಯ ಮೇಲಿನ ಸಾರು ಉಕ್ಕಿ ಹರಿದರೂ ಅವರಿಗೆ ಪರಿವೆ ಇರುತ್ತಿರಲಿಲ್ಲ.

ಮರಾಠಿ ವಾಡಿಕೆಯಂತೆ ಎಲ್ಲರಿಗೂ ಮೌಶಿ, ಅಂದರೆ ಚಿಕ್ಕಮ್ಮ, ಆಗಿದ್ದ ಇವರು ಬೈಲಹೊಂಗಲದ ಕಡೆಯವರು. ಮದುವೆಯಾಗಿ ಪುಣೆಗೆ ಬಂದು, ಸೇನೆಯ ವಾಹನ ರಿಪೇರಿ ವರ್ಕ್‌ಶಾಪಿನ ಮೀಟರು ವಿಭಾಗದಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತರಾದವರು. ದಾಪೋಡಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದರು. ಹಳೇ ಮಿಲಿಟರಿ ಗಾಡಿಗಳ ಹುಚ್ಚು ಹಿಡಿದವರು ಪುಣೆಯಲ್ಲಿ ಕಡಿಮೆಯೇನಿಲ್ಲ. ಅವರೆಲ್ಲ ಕೆಟ್ಟ ಮೀಟರುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಹಸುಗೂಸು ಹೊತ್ತವರಂತೆ ಜೋಪಾನವಾಗಿ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ವಿನಯವೆಂಬುದು ಮೌಶಿಯ ಬಳಿ ಸುಳಿದಿರಲಿಲ್ಲ. "ಪುಣೆದಾಗ ನನ್ನಂಥಾಕಿ ಇನ್ನೊಬ್ಬಾಕಿ ಇಲ್ಲ. ಇದ್ದರ ಕರಕೊಂಡ ಬಾ, ನಾನೇ ಚಹಾ ಕುಡಸ್ತೀನಿ" ಎನ್ನುತ್ತಿದ್ದರು. ಯಾರೂ ಕರೆತರಲಿಲ್ಲ.

ಬಂದವರಿಗೆ ಒಂದು ಕಟ್ಟುಪಾಡಿತ್ತು. "ಇಂಜಿನ್ ಹೋಗೇದ್ರಿ ಮೌಶಿ" ಎಂದು ಶುರು ಮಾಡಿದರೋ, ಮುಗಿಯಿತು. "ಮುಳ್ಳು ಏನ್ ಮಾಡ್ತು ಅದನ್ನಷ್ಟ ಹೇಳ್ರಿ. ಇಂಜಿನ್ನಿಗೆ ಏನಾಗೇದ ಅಂತ ಹೇಳೂದು ನನ್ನ ಕೆಲಸ." ಈ ಕಟ್ಟುಪಾಡು ಬರೀ ಟ್ರಕ್ಕಿಗಲ್ಲ, ಊರಿಗೆಲ್ಲ ಅನ್ವಯಿಸುತ್ತಿತ್ತು. ಒಮ್ಮೆ ನನ್ನ ಅತ್ತೆ ಸಿಟ್ಟಾಗಿದ್ದಾರೆಂದು ಅವರ ಮುಂದೆ ಮುಖ ಸಣ್ಣ ಮಾಡಿಕೊಂಡು ಕೂತೆ. "ಸಿಟ್ಟಾಗ್ಯಾರ ಅಂತ ನೀ ಯಾಕ ಹೇಳ್ತಿ, ಸುಧಾ? ಅವರು ಏನಂದ್ರು ಅದನ್ನಷ್ಟ ಹೇಳು" ಎಂದರು. ನೆನಪಿಸಿಕೊಂಡು ನೋಡಿದರೆ ಅತ್ತೆ "ಪಲ್ಯಾಕ್ಕ ಉಪ್ಪು ಕಡಿಮಿ ಆಗೇದ" ಎಂದಿದ್ದರು, ಅಷ್ಟೇ. ನನ್ನ ಸಂಸಾರದ ಅರ್ಧ ಜಗಳಗಳು ಹೀಗೆ ಮೌಶಿಯ ಅಡುಗೆಮನೆಯಲ್ಲೇ ಸತ್ತುಹೋಗಿವೆ.

ಹುಚ್ಚು ನಮ್ಮ ಮನೆಗೂ ಬಂತು. ಕಾಲೇಜಿನಲ್ಲಿ ಗಣಿತ ಕಲಿಸುವ ನಮ್ಮವರು, ಶ್ರೀಧರ, ಒಂದು ದಿನ ಹರಾಜಿನಲ್ಲಿ ಕೊಂಡ ಹಳೇ ಮಿಲಿಟರಿ ಟ್ರಕ್ಕಿನೊಂದಿಗೆ ಮನೆಗೆ ಬಂದರು. ನಾನು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವಳು. ಗಾಲಿ ಇರುವ ಯಾವುದನ್ನು ಕಂಡರೂ ನನಗೆ ಮೊದಲು ಅದರ ಅಪಘಾತ ಕಾಣುತ್ತದೆ. ಇದಂತೂ ನಮ್ಮ ಹಾಲ್‌ಗಿಂತ ದೊಡ್ಡದಿತ್ತು. ಸೊಸೈಟಿಯ ಹಿಂದಿನ ಜಾಗದಲ್ಲಿ ಅದನ್ನು ನಿಲ್ಲಿಸಿದ ವಾರದೊಳಗೆ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಗ್ಯಾರೇಜಿನವನು ಬಂದು ನೋಡಿ, ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡವೇ ಇಲ್ಲ, ಪೂರ್ತಿ ಬಿಚ್ಚಬೇಕು, ಇಲ್ಲವೇ ಗುಜರಿಗೆ ಕೊಡಿ ಎಂದ. ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮವರು ಮಾತ್ರ ಊಟ ಬಿಟ್ಟರು.

ಮೌಶಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದು ಬಂದರು. ಇಂಜಿನ್ನಿಗೆ ತಿರುಪಿ ಕೂಡಿಸಿದ, ಹಿತ್ತಾಳೆ ಬುಡದ ಒಂದು ಪುಟ್ಟ ಡಬ್ಬಿಯನ್ನು ತೋರಿಸಿದರು. "ಇದಕ್ಕ ಸೆಂಡರ್ ಅಂತಾರ. ಒಳಗ ಎಣ್ಣಿ ಎಷ್ಟು ಒತ್ತತದ ಅನ್ನೋ ಸುದ್ದಿ ಇದು ಮೀಟರಿಗೆ ಮುಟ್ಟಸ್ತದ. ಸುದ್ದಿ ತರಾಂವ ಮಲಗಿದ್ರ, ಮನ್ಯಾಗಿನವರು ಸತ್ತಾರ ಅಂತ ಅಳಬಾರದು." ಆಮೇಲೆ ಅದರ ತಂತಿ ಬಿಚ್ಚಿ, ತುದಿಯನ್ನು ಇಂಜಿನ್ನಿನ ಬರಿಯ ಕಬ್ಬಿಣಕ್ಕೆ ಒಂದು ಕ್ಷಣ ಮುಟ್ಟಿಸಿದರು. ಸೊನ್ನೆಯಲ್ಲಿದ್ದ ಮುಳ್ಳು ಟಣ್ಣನೆ ಆ ಕೊನೆಗೆ ಹಾರಿತು. ಅಂದರೆ ಮೀಟರೂ ಸರಿ, ತಂತಿಯೂ ಸರಿ. ಸೆಂಡರ್ ಬಿಚ್ಚಿ, ಅದರ ತೂತಿಗೆ ತಮ್ಮ 'ಪಕ್ಕಾ ಮೀಟರು' ತಿರುಪಿದರು. ತಂತಿ, ಬ್ಯಾಟರಿ ಯಾವುದರ ಹಂಗೂ ಇಲ್ಲದೆ ಎಣ್ಣೆಯಿಂದಲೇ ನಡೆಯುವ, ವರ್ಕ್‌ಶಾಪಿನ ಕಾಲದ ಮೀಟರದು. ಇಂಜಿನ್ ಶುರುಮಾಡಿದರೆ ನಲವತ್ತು ತೋರಿಸಿತು. "ಕುದುರಿ ಇದ್ದಂಗ ಅದ ನಿನ್ನ ಇಂಜಿನ್. ಹೋಗಿ ಉಣ್ಣು" ಎಂದು ನಮ್ಮವರ ಬೆನ್ನು ತಟ್ಟಿದರು. ಗುಜರಿ ಸಾಮಾನಿನ ಜುನಾ ಬಜಾರಿನಲ್ಲಿ ಸಿಕ್ಕ ಹಳೇ ಸೆಂಡರೊಂದನ್ನು ಪಂಪಿಗೆ ಹಚ್ಚಿ ಪರೀಕ್ಷಿಸಿ, ಆ ಭಾನುವಾರವೇ ಕೂಡಿಸಿಕೊಟ್ಟರು.

ಆ ದಿನ ಚಹಾ ಕುಡಿಯುತ್ತ ಮೌಶಿ ತಮ್ಮ ಆಸೆಯೊಂದನ್ನು ಹೇಳಿದರು. ಸರ್ವೀಸಿನುದ್ದಕ್ಕೂ ಅವರು ಮೀಟರು ನೋಡಿದ್ದು ಮೇಜಿನ ಮೇಲೆ ಮಾತ್ರ. ಪರೀಕ್ಷೆಯಾದದ್ದನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಅದು ಎಲ್ಲಿ ಹೋಯಿತೋ, ಯಾವ ಟ್ರಕ್ಕಿನಲ್ಲಿ ಕೂತಿತೋ ಗೊತ್ತಿಲ್ಲ. ಗಾಡಿ ಓಡಿಸಿ ನೋಡುವುದು ಬೇರೆಯವರ ಪಾಲು. "ನಾ ಕೂಡಿಸಿದ್ದು ಓಡೋ ಗಾಡ್ಯಾಗ ಹೆಂಗ ನಡೀತದ ಅನ್ನೋದನ್ನ ಒಮ್ಮೆ ಕಣ್ಣಾರೆ ನೋಡಬೇಕು, ಶ್ರೀಧರ. ದೀಪಾವಳಿ ಆದ ಮ್ಯಾಲ ನಾ ದೌಂಡಿಗೆ ಮಗಳ ಮನೀಗೆ ಹೊಂಟೀನಿ. ನನ್ನ ಸಾಮಾನು ನಿನ್ನ ಟ್ರಕ್ಕಿನ್ಯಾಗ ಹೋಗ್ಲಿ. ನಾನೂ ಅದರಾಗ ಹೋಗ್ತೀನಿ."

ಮಗಳು ಫೋನಿನಲ್ಲಿ ಬೇಡವೆಂದು ಹಟ ಹಿಡಿದಳು, ಟೆಂಪೋ ಕಳಿಸುತ್ತೇನೆ ಎಂದಳು. ನನಗೂ ಅದು ಸರಿ ಕಾಣಲಿಲ್ಲ. ಅಷ್ಟು ವಯಸ್ಸಾದವರನ್ನು ಅಷ್ಟು ಎತ್ತರದ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದೇ? ಆದರೆ ಮೌಶಿ ಆಗಲೇ ಡಬ್ಬಿಗಳನ್ನು ಕಟ್ಟಲು ಶುರುಮಾಡಿದ್ದರು.

ಹೊರಟ ದಿನ ಮೌಶಿ ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಸ್ಟೂಲಿನ ಮೇಲೆ ಕಾಲಿಟ್ಟು, ನಾನು ಕೆಳಗಿನಿಂದ ನೂಕಿ, ನಮ್ಮವರು ಮೇಲಿನಿಂದ ಎಳೆದು, ಅಂತೂ ಹತ್ತಿಸಿದೆವು. ಬೀರು, ಮಂಚ, ಪಂಪು ಎಲ್ಲ ಹಿಂದೆ. ನಾನು ಇಬ್ಬರ ನಡುವೆ. ಹಡಪಸರ ದಾಟಿ ಸೊಲ್ಲಾಪುರದ ರಸ್ತೆ ಹಿಡಿದೆವು. ಜನ ಫೋಟೋ ತೆಗೆಯುತ್ತಿದ್ದರು, ಬೈಕಿನವರು ಕೈ ಬೀಸುತ್ತಿದ್ದರು. ಮೌಶಿ ಒಮ್ಮೆಯೂ ಹೊರಗೆ ನೋಡಲಿಲ್ಲ. "ಗೇರ್ ಹಾಕಿದ, ನೋಡು, ಏರ್ತು. ಕಾಲು ತಗದ, ಇಳೀತು. ಬಿಸಿ ಆದ ಮ್ಯಾಲ ಸಿಗ್ನಲ್ಲಿಗೆ ನಿಂತಾಗ ಇಪ್ಪತ್ತಕ್ಕ ಬರ್ತದ, ಅದು ಸರೀನ ಅದ, ಅಂಜಬಾರದು" ಎಂದು ನನಗೆ ಪಾಠ ಹೇಳುತ್ತಿದ್ದರು. ಅವರ ಮುಖ ನೋಡಿ, ಈ ಟ್ರಕ್ಕು ಗುಜರಿಗೆ ಹೋಗದಿದ್ದದ್ದೇ ಒಳ್ಳೆಯದಾಯಿತು ಎಂದು ನನಗೆ ಮೊದಲ ಸಲ ಅನ್ನಿಸಿತು.

ಯವತ ಎಂಬ ಊರು ದಾಟಿದ ಮೇಲೆ ಮುಳ್ಳು ಒಮ್ಮೆ ನಡುಗಿ ಸೊನ್ನೆಗೆ ಬಿತ್ತು.

"ಬಂದ್ ಮಾಡು" ಎಂದರು ಮೌಶಿ.

"ಸೆಂಡರ್ ಮಲಗಿರಬೇಕು ಮೌಶಿ, ನೀವ ಹೇಳಿದ್ರಲ್ಲಾ" ಎಂದರು ನಮ್ಮವರು.

"ಸುಳ್ಳು ಅಂತ ತೋರಿಸೋತನಕ ಮುಳ್ಳು ಹೇಳಿದ್ದು ಖರೇನ. ಬಂದ್ ಮಾಡು ಅಂದ್ನಿ."

ಕಬ್ಬಿನ ಹೊಲದ ಪಕ್ಕ ಟ್ರಕ್ಕು ನಿಂತಿತು. ಖಾತ್ರಿ ಮಾಡಿಕೊಳ್ಳಲು ಪಕ್ಕಾ ಮೀಟರು ಬೇಕು. ಅದು ಎಲ್ಲಿದೆ? ಬೀರುವಿನಲ್ಲಿ, ಹಳೇ ಸೀರೆಯಲ್ಲಿ ಸುತ್ತಿಟ್ಟದ್ದು. ಬೀರುವಿನ ಬಾಗಿಲಿಗೆ ಮಂಚ ಅಡ್ಡ, ಮಂಚಕ್ಕೆ ಉಳಿದ ಸಂಸಾರವೆಲ್ಲ ಅಡ್ಡ. ಟೆಂಪೋ ಕರೆಸೋಣವೇ ಎಂದು ನಾನು ಕೇಳಿದೆ. ಮೌಶಿ ಸೆರಗಿನಿಂದ ಮೀಟರಿನ ಗಾಜು ಒರೆಸಿ ಮತ್ತೆ ಮುಳ್ಳನ್ನೇ ನೋಡಿದರು. ಇಂಜಿನ್ ನಿಜಕ್ಕೂ ಹೋಗಿದ್ದರೆ ಅವರ ಆಸೆ ಅರ್ಧ ದಾರಿಗೇ ಮುಗಿದಂತೆ.

ಸಾಮಾನು ಇಳಿಸತೊಡಗಿದೆವು. ರಸ್ತೆ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯ ಇಬ್ಬರು ನಮ್ಮ ಕನ್ನಡ ಕೇಳಿ, ಕರೆಯುವ ಮೊದಲೇ ಬಂದು ಕೈಹಚ್ಚಿದರು. ಹೆದ್ದಾರಿಯ ಬದಿಯಲ್ಲಿ ಮೌಶಿಯ ಮಂಚ, ಉಪ್ಪಿನಕಾಯಿ ಭರಣಿ, ದೇವರ ಪೆಟ್ಟಿಗೆ ಎಲ್ಲ ಸಾಲಾಗಿ ಕೂತವು. ಅಷ್ಟರಲ್ಲಿ ಇಂಜಿನ್ ತಣ್ಣಗಾಗಿತ್ತು. ನಮ್ಮವರು ಸೆಂಡರ್ ಬಿಚ್ಚಿ ತಂದು ಮೌಶಿಯ ಕೈಗೆ ಕೊಟ್ಟರು. ಮೌಶಿ ಕನ್ನಡಕ ಏರಿಸಿ ನೋಡಿದರು. ಅದರ ತಿರುಪಿಗೆ ಬಿಳಿ ಟೇಪು ಸುತ್ತಿತ್ತು, ಪ್ಲಂಬರುಗಳು ನಲ್ಲಿಗೆ ಸುತ್ತುವ ಟೇಪು.

"ಇದನ್ನ ಯಾರು ಸುತ್ತಿದ್ರು?"

ನಮ್ಮವರು ಟ್ರಕ್ಕಿನ ಗಾಲಿ ನೋಡುತ್ತ ನಿಂತರು. ಆಮೇಲೆ ಹೊರಬಿತ್ತು. ಸೆಂಡರಿನ ಬುಡದಿಂದ ಎಣ್ಣೆ ತೊಟ್ಟಿಕ್ಕಿ ಸೊಸೈಟಿಯ ಹೊಸ ಹಾಸುಗಲ್ಲಿನ ಮೇಲೆ ಕಲೆಯಾಗಿದೆ ಎಂದು ಸೆಕ್ರೆಟರಿ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದ್ದರಂತೆ. ಅದಕ್ಕೆ ಹಿಂದಿನ ಸಂಜೆ ಇವರು ಟೇಪು ಸುತ್ತಿ ಬಿಗಿ ಮಾಡಿದ್ದರು.

ಮೌಶಿ ನಗತೊಡಗಿದವರು ನಿಲ್ಲಿಸಲೇ ಇಲ್ಲ. ರಸ್ತೆ ಬದಿಯ ತಮ್ಮ ಮಂಚದ ಮೇಲೆ ಕೂತು ಕಣ್ಣೊರೆಸಿಕೊಂಡು ನಕ್ಕರು. "ಆ ತಿರುಪು ಕಬ್ಬಿಣಾ ಮುಟ್ಟಿದ್ರನ ಕರೆಂಟಿಗೆ ದಾರಿ. ನೀ ಅದಕ್ಕ ಪಾಯಿಜಾಮಾ ತೊಡಿಸೀದಿ. ಒಂದಿಷ್ಟು ದೂರ ಹೆಂಗೋ ಮುಟ್ಟಿಕೊಂಡ ಬಂತು, ಕುಲುಕಿ ಕುಲುಕಿ ಬಿಡ್ತು." ಆದರೂ ಪಕ್ಕಾ ಮೀಟರು ಹಚ್ಚದೆ ಬಿಡಲಿಲ್ಲ. ಅದು ನಲವತ್ತು ತೋರಿಸಿದ ಮೇಲೆಯೇ ಟೇಪು ಕೆರೆದು, ಸೆಂಡರ್ ಕೂಡಿಸಿದ್ದು. ಮುಳ್ಳು ಎದ್ದು ನಿಂತಿತು. ಸಾಮಾನು ಮತ್ತೆ ಹೇರಿಕೊಟ್ಟ ಯಾದಗಿರಿಯವರಿಗೆ ಭರಣಿಯಿಂದ ಮಾವಿನಕಾಯಿ ಉಪ್ಪಿನಕಾಯಿ ಸಿಕ್ಕಿತು. ದೌಂಡ ಮುಟ್ಟುವವರೆಗೂ ಮೌಶಿ ನಡುನಡುವೆ ಪಾಯಿಜಾಮಾ ನೆನೆದು ನಗುತ್ತಿದ್ದರು. ಎಣ್ಣೆ ದಾರಿಯುದ್ದಕ್ಕೂ ತೊಟ್ಟಿಕ್ಕಿತು.

ಮಗಳ ಮನೆಯಲ್ಲಿ ಸಾಮಾನು ಇಳಿಸಿ, ಊಟ ಮಾಡಿ ಹೊರಟಾಗ, ನಾನು ಮೌಶಿ ಕೂತಿದ್ದ ಜಾಗದಲ್ಲಿ ಕೂತೆ. ಅವರು ಗೇಟಿನ ಹತ್ತಿರ ನಿಂತಿದ್ದರು. ಅಲ್ಲಿಂದ ಮೀಟರು ಕಾಣುವುದಿಲ್ಲ. ಇಂಜಿನ್ ಶುರುವಾದದ್ದೇ ಕತ್ತು ಎತ್ತಿ ಕೇಳಿದರು, "ಎಷ್ಟದ, ಸುಧಾ?"

ಬಗ್ಗಿ ನೋಡಿ ಹೇಳಿದೆ, "ನಲವತ್ತು ಅದ್ರಿ ಮೌಶಿ."

"ಛಲೋ ಅದ. ಹೋಗಿ ಬರ್ರಿ" ಎಂದು ಕೈ ಎತ್ತಿದರು.

ಅದೇ ಕೊನೆಯ ಭೇಟಿ. ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಎಂದು ಮಗಳು ಫೋನು ಮಾಡಿದಳು. ಫೋನು ಇಟ್ಟು ನಾನು ಜೋರಾಗಿ ಅತ್ತೆ. ಕಾರಿತ್ತು, ರೈಲಿತ್ತು. ಆದರೂ ಟ್ರಕ್ಕಿನಲ್ಲೇ ಹೋಗೋಣ ಎಂದವಳು ನಾನೇ. ದಾರಿಯುದ್ದಕ್ಕೂ ನಾನು ಮುಳ್ಳನ್ನೇ ನೋಡುತ್ತಿದ್ದೆ. ದೌಂಡದ ಮನೆಯ ಮುಂದೆ ಟ್ರಕ್ಕು ನಿಂತಿತು. ಗೇಟಿನಲ್ಲಿ ಯಾರೂ ಇರಲಿಲ್ಲ. ಇಂಜಿನ್ ಆರಿಸಲು ನಮ್ಮವರು ಕೈ ಚಾಚಿದರು. ನಾನು ಅವರ ಕೈ ಹಿಡಿದು ತಡೆದು, ಗೇಟಿನ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದೆ.

"ಇಪ್ಪತ್ತು ಅದ್ರಿ ಮೌಶಿ. ಬಿಸಿ ಆಗೇದ."