ಅಮ್ಮ ಸೈಕಲ್ ಹತ್ತುತ್ತಿದ್ದ ಕಲ್ಲುಗಳು

ನಮ್ಮ ಅಮ್ಮ ಪದ್ಮಾವತಿಗೆ ಸೈಕಲ್ ಓಡಿಸಲು ಬರುತ್ತಿತ್ತು, ಹತ್ತಲು ಬರುತ್ತಿರಲಿಲ್ಲ. ಹೇಳಿದರೆ ನಂಬುವವರು ಕಡಿಮೆ. ಆದರೆ ನಲವತ್ತು ದಾಟಿದ ಮೇಲೆ, ಸೀರೆಯುಟ್ಟುಕೊಂಡು ಕಲಿತವರಿಗೆ ಹೀಗಾಗುತ್ತದೆ. ಒಂದು ಕಾಲನ್ನು ಪೆಡಲಿನ ಮೇಲಿಟ್ಟು, ಇನ್ನೊಂದರಿಂದ ನೆಲ ಒದ್ದು, ಉರುಳುತ್ತಿರುವ ಸೈಕಲ್ಲಿನ ಸೀಟಿಗೆ ಏರುವುದು ಅವಳಿಗೆ ಕೊನೆಯವರೆಗೂ ಬರಲಿಲ್ಲ. ಮೊಣಕಾಲೆತ್ತರದ ಒಂದು ಕಲ್ಲೋ ಮೋರಿಕಟ್ಟೆಯೋ ಬೇಕಿತ್ತು. ಅದರ ಪಕ್ಕ ಸೈಕಲ್ ನಿಲ್ಲಿಸಿ, ಅದರ ಮೇಲೆ ಕಾಲೂರಿ ಸೀಟಿನ ಮೇಲೆ ಕೂತು, ಕಲ್ಲನ್ನು ಒದ್ದಳೆಂದರೆ ಆಮೇಲೆ ಎಷ್ಟು ದೂರ ಬೇಕಾದರೂ ಹೋಗುತ್ತಿದ್ದಳು.

ಅಪ್ಪ ಮಹದೇವಸ್ವಾಮಿ ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನ ಒಂದು ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುತ್ತಿದ್ದರು. ಅಮ್ಮ ಅಲ್ಲೇ ಹಾಸ್ಟೆಲಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಹಿನಕಲ್ಲಿನ ಮನೆಯಿಂದ ಇಬ್ಬರೂ ಬೆಳಿಗ್ಗೆ ಒಟ್ಟಿಗೆ ನಡೆದು ಹೋಗುತ್ತಿದ್ದರು. 2001ರಲ್ಲಿ, ಓದು ಮುಗಿಸಿ ಊರಿಗೆ ಹೊರಟ ಹುಡುಗಿಯೊಬ್ಬಳು ತನ್ನ ಲೇಡೀಸ್ ಸೈಕಲ್ಲನ್ನು ಅಮ್ಮನಿಗೆ ಕೊಟ್ಟು ಹೋದಳು. ಅದರ ಸೀಟು ತುಕ್ಕು ಹಿಡಿದು ಮೇಲೆಯೇ ಕಚ್ಚಿಕೊಂಡಿತ್ತು, ಇಳಿಸಲು ಬರುತ್ತಿರಲಿಲ್ಲ.

ಸ್ಟ್ಯಾಂಡಿನಲ್ಲಿ ಪ್ರತಿ ಸೈಕಲ್ಲಿಗೂ ಒಂದೇ ನಂಬರಿನ ಎರಡು ಹಿತ್ತಾಳೆ ಬಿಲ್ಲೆಗಳು. ಒಂದು ಹ್ಯಾಂಡಲಿಗೆ, ಇನ್ನೊಂದು ಸೈಕಲ್ಲಿನವರ ಕೈಗೆ. ಇನ್ನು ಸೈಕಲ್ ತರುವುದಿಲ್ಲ ಎನ್ನುವವರು ಬಿಲ್ಲೆಯನ್ನು ಅಪ್ಪನಿಗೆ ವಾಪಸ್ ಕೊಡಬೇಕು. ಹೆಂಡತಿ ಎಂದು ಅಪ್ಪ ನಿಯಮ ಸಡಿಲಿಸಲಿಲ್ಲ. ಅಮ್ಮನಿಗೆ ಸಿಕ್ಕಿದ್ದು ಅರವತ್ತೆರಡನೆಯ ನಂಬರು.

ಬೆಳಗಿನ ಜಾವ ಕ್ಯಾಂಪಸ್ಸಿನ ಖಾಲಿ ರಸ್ತೆಗಳಲ್ಲಿ ಅಪ್ಪನೇ ಕ್ಯಾರಿಯರ್ ಹಿಡಿದು, ಹಿಂದೆ ಓಡಿ ಕಲಿಸಿದರು. ಮೂರು ತಿಂಗಳಾಯಿತು. ಅಮ್ಮ ಹಾಸ್ಟೆಲಿನವರ ಮಾತು ಕೇಳಿ ಒಂದು ಆಸೆ ಇಟ್ಟುಕೊಂಡಿದ್ದಳು. ಲಿಂಗಾಂಬುಧಿ ಕೆರೆಯ ಅಂಚಿನಲ್ಲಿ ಮಣ್ಣಿನ ದಾರಿಯಿದೆ, ಭಾನುವಾರ ಹುಡುಗರು ಸುಮ್ಮನೆ ಸೈಕಲ್ ಹೊಡೆಯಲು ಅಲ್ಲಿಗೆ ಹೋಗುತ್ತಾರೆ, ಬಸ್ಸಿಲ್ಲ, ಲಾರಿಯಿಲ್ಲ, ಸರ್ಕಲ್ಲಿಲ್ಲ. ಒಂದು ಸಲ ಹತ್ತಿ ಕೂತರೆ ಸಾಕಾಗುವವರೆಗೂ ಇಳಿಯಬೇಕಿಲ್ಲ. ಅಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ, ಎಲ್ಲೂ ಇಳಿಯದೆ ಹೋಗುವುದು.

ಕಷ್ಟವಿದ್ದದ್ದು ಕ್ಯಾಂಪಸ್ಸಿನಿಂದ ಅಲ್ಲಿಯವರೆಗಿನ ದಾರಿಯಲ್ಲಿ. ರಸ್ತೆ ಕೂಡುವ ಕಡೆಯೆಲ್ಲ ಅಮ್ಮ ಹೆದರಿ ಇಳಿಯುತ್ತಿದ್ದಳು. ಇಳಿದ ಕಡೆಯೆಲ್ಲ ಹತ್ತಲು ಕಲ್ಲು ಬೇಕು. ಅದಕ್ಕೆ ಅಪ್ಪ ನಾಲ್ಕು ವಾರ ಆ ದಾರಿಯಲ್ಲಿ ಓಡಾಡಿ ಕಲ್ಲು ಹುಡುಕಿದರು. ನಾನು ಹತ್ತನೆಯ ಕ್ಲಾಸು ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದೆ. ಅಪ್ಪನ ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂತು ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು, ಬೋಗಾದಿ ರಸ್ತೆಯ ಗೇಟಿನ ಮೋರಿಕಟ್ಟೆ. ಎರಡು, ಟಿ.ಕೆ. ಲೇಔಟಿನ ನೀರಿನ ತೊಟ್ಟಿಯ ಮೆಟ್ಟಿಲು. ಹೀಗೆ ಒಟ್ಟು ಏಳು. ಐದನೆಯದು ಶಾರದಾದೇವಿ ನಗರ ದಾಟಿದ ಮೇಲೆ, ಕಟ್ಟುತ್ತಿದ್ದ ಒಂದು ಮನೆಯ ಮುಂದಿನ ದೊಡ್ಡ ಸೈಜುಗಲ್ಲು. ಅಪ್ಪ ಅದರ ಮೇಲೆ ನಿಂತು ಅಲುಗಾಡಿಸಿ ನೋಡಿ, ಗಟ್ಟಿಯಾಗಿದೆ, ಬರೆದುಕೋ ಎಂದರು. ನಾನು ಬರೆದುಕೊಂಡೆ. ಕಟ್ಟುವ ಮನೆಯ ಮುಂದಿರುವ ಕಲ್ಲು ಗೋಡೆಗೆ ಹೋಗುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

2002ರ ಫೆಬ್ರವರಿಯ ಒಂದು ಭಾನುವಾರ ಹೊರಟೆವು. ಅಪ್ಪ, ನಾನು ಒಂದೇ ಸೈಕಲ್ಲಿನಲ್ಲಿ ಮುಂದೆ. ಅಮ್ಮ ಹಿಂದೆ, ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು. ನಾಲ್ಕು ಕಲ್ಲುಗಳವರೆಗೆ ಎಲ್ಲ ಸರಿಯಾಗಿತ್ತು. ನಾಲ್ಕನೆಯದನ್ನು ಒದ್ದು ಹೊರಟಾಗ ಅಮ್ಮ ನಗುತ್ತಿದ್ದಳು.

ಐದನೆಯ ಕಡೆ ಲಾರಿಯೊಂದು ತಿರುಗಿತು, ಅಮ್ಮ ಇಳಿದಳು. ಕಲ್ಲು ಇರಲಿಲ್ಲ. ಮನೆಯ ಗೋಡೆ ಒಂದು ಸಾಲು ಮೇಲೆ ಬಂದಿತ್ತು. ಸುತ್ತಮುತ್ತ ಬೇರೆ ಎತ್ತರವೂ ಇರಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ನಾಲ್ಕೈದು ಗಾರೆಯವರು ಕೂತಿದ್ದರು. ಅಮ್ಮ ಎರಡು ಸಲ ಪ್ರಯತ್ನಪಟ್ಟಳು, ಎರಡು ಸಲವೂ ಸೈಕಲ್ ವಾಲಿತು. ಗಾರೆಯವನೊಬ್ಬ, "ಅಮ್ಮಾವ್ರಿಗೆ ಏಣಿ ತಂದ್ಕೊಡ್ಲಾ ಸ್ವಾಮಿ?" ಎಂದ. ಮಿಕ್ಕವರು ನಕ್ಕರು.

ಅಮ್ಮ ಅಪ್ಪನ ಹತ್ತಿರ ಬಂದು, ಅವರಿಗಷ್ಟೇ ಕೇಳುವ ಹಾಗೆ, "ಒಂದ್ಸಲ ಕ್ಯಾರಿಯರ್ ಹಿಡ್ಕೊಳ್ರೀ, ಹತ್ಬುಡ್ತೀನಿ" ಎಂದಳು.

ಕ್ಯಾಂಪಸ್ಸಿನಲ್ಲಿ ಮೂರು ತಿಂಗಳು ಹಿಡಿದಿದ್ದ ಅಪ್ಪ ಅಲ್ಲಿ ಹಿಡಿಯಲಿಲ್ಲ. ಗಾರೆಯವರ ಕಡೆ ಒಮ್ಮೆ ನೋಡಿ, ಜೋರಾಗಿಯೇ, "ಇಷ್ಟು ದಿನ ಆಯ್ತು, ಕಲ್ಲಿಲ್ದೆ ಹತ್ತಕ್ಕೆ ಬರಲ್ವೇನೆ ನಿಂಗೆ? ಚಿಕ್ಕಮಕ್ಕಳು ಹತ್ತುತ್ವೆ" ಎಂದರು.

ಅಮ್ಮ ಸೈಕಲ್ ತಿರುಗಿಸಿ ತಳ್ಳಿಕೊಂಡು ಹೊರಟಳು. ಕ್ಯಾಂಪಸ್ಸಿನವರೆಗೂ ನಡೆದಳು. ನಾವೂ ಇಳಿದು ಹಿಂದೆ ನಡೆದೆವು. ದಾರಿಯಲ್ಲಿ ನಾಲ್ಕು ಕಲ್ಲುಗಳಿದ್ದವು, ಯಾವುದರ ಹತ್ತಿರವೂ ಅವಳು ನಿಲ್ಲಲಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮನೆಗೆ ಬಂದು, ಸಾರಿಗೆ ಇಟ್ಟಳು.

ಆಮೇಲೆ ಅವಳು ಸೈಕಲ್ ಮುಟ್ಟಲಿಲ್ಲ. ಅಪ್ಪನೂ ಬಾ ಎಂದು ಕರೆಯಲಿಲ್ಲ. ಮನಸ್ಸಿದ್ದರೆ ಅವಳೇ ಹೇಳುತ್ತಾಳೆ ಎಂದು ಅಪ್ಪ ಅಂದುಕೊಂಡಿದ್ದರಂತೆ. ಇಬ್ಬರೂ ಎಂದಿನಂತೆ ಒಟ್ಟಿಗೆ ಕೆಲಸಕ್ಕೆ ನಡೆದು ಹೋಗುತ್ತಿದ್ದರು. ಹನ್ನೊಂದು ತಿಂಗಳಾದ ಮೇಲೆ, ಸಂಕ್ರಾಂತಿ ಕಳೆದ ವಾರ, ಅಮ್ಮನಿಗೆ ಜ್ವರ ಬಂದು ಮೆದುಳಿಗೆ ಏರಿತು. ಆಸ್ಪತ್ರೆಯಲ್ಲಿ ಐದು ದಿನ ಇದ್ದಳು. ಮಾತು ಬರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ, ಹಾಸ್ಟೆಲಿನಲ್ಲಿ ಅಮ್ಮನ ಜೊತೆ ಅಡುಗೆ ಮಾಡುತ್ತಿದ್ದ ಸರ್ವಮಂಗಳಕ್ಕ ಅವಳ ಸಾಮಾನು ತಂದುಕೊಟ್ಟರು. ಒಂದು ಟವೆಲ್, ಎರಡು ಗಾಜಿನ ಬಳೆ, ಎಲೆಅಡಿಕೆಯ ಡಬ್ಬಿ. ಅಪ್ಪ ಡಬ್ಬಿ ತೆಗೆದರು. ಒಳಗೆ ಅರವತ್ತೆರಡನೆಯ ಬಿಲ್ಲೆ ಇತ್ತು. ಫಳಫಳ ಹೊಳೆಯುತ್ತಿತ್ತು.

"ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕೋಳು" ಎಂದರು ಸರ್ವಮಂಗಳಕ್ಕ. "ವಾಪಸ್ ಕೊಟ್ಬುಡು, ಹೆಂಗೂ ಓಡ್ಸಲ್ವಲ್ಲ ಅಂದೆ. ಯಜಮಾನ್ರು ಕರೆದ್ರೆ ಹೋಗ್ಬೇಕಲ್ಲ ಕಣಕ್ಕ ಅಂದ್ಳು."

ಅಪ್ಪ ಬಿಲ್ಲೆಯನ್ನು ಹಿಡಿದುಕೊಂಡು ಹಿತ್ತಲಿಗೆ ಹೋದರು. ಸರ್ವಮಂಗಳಕ್ಕ ಕಾಫಿ ಕುಡಿದು ಹೊರಡುವವರೆಗೂ ಒಳಗೆ ಬರಲಿಲ್ಲ.

ಮುಂದಿನ ಭಾನುವಾರ ಅಪ್ಪ ಒಂದು ಚಪ್ಪಡಿ ತುಂಡನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೋಗಿ, ಐದನೆಯ ಜಾಗದಲ್ಲಿ ಇಟ್ಟಿಗೆ ಜೋಡಿಸಿ ಮೇಲಿಟ್ಟು, ಸಿಮೆಂಟು ಹಾಕಿದರು. ಮನೆ ಪೂರ್ತಿಯಾಗಿ ಒಕ್ಕಲು ಬಂದಿತ್ತು. ಯಾಕೆ ಎಂದು ಮನೆಯವರು ಕೇಳಿದ್ದಕ್ಕೆ, ಕೂತುಕೊಳ್ಳುವವರಿಗೆ ಎಂದರು. ಅಲ್ಲಿಂದ ಮುಂದಕ್ಕೆ ಮಾತ್ರ ಅವರು ಹೋಗಲಿಲ್ಲ. ಇವತ್ತಿನವರೆಗೂ ಹೋಗಿಲ್ಲ.

ನಾನು ಹೋದೆ, ಕಳೆದ ತಿಂಗಳು, ಸ್ಟ್ಯಾಂಡಿನಲ್ಲೇ ಉಳಿದಿದ್ದ ಅಮ್ಮನ ಸೈಕಲ್ಲಿನಲ್ಲಿ. ಅಪ್ಪನನ್ನು ಕೇಳಿದಾಗ ಅರವತ್ತೆರಡನೆಯ ಬಿಲ್ಲೆ ತೆಗೆದುಕೊಟ್ಟರು. ನೋಟ್‌ಬುಕ್ಕಿನಲ್ಲಿದ್ದ ಪ್ರಕಾರ ಏಳು ಕಡೆಯೂ ಇಳಿದು ಹತ್ತಿದೆ. ನನಗೆ ಕಲ್ಲು ಬೇಕಿರಲಿಲ್ಲ, ಆದರೂ ಅದರ ಮೇಲೆ ಕಾಲಿಟ್ಟೇ ಹತ್ತಿದೆ. ಕೆರೆಯ ದಾರಿ ಹಾಸ್ಟೆಲಿನವರು ಹೇಳಿದ್ದಂತೆಯೇ ಇತ್ತು. ಒಂದು ಕಡೆ ನೀರು, ಒಂದು ಕಡೆ ಲಂಟಾನ ಪೊದೆ.

ಸಂಜೆ ಬಿಲ್ಲೆ ವಾಪಸ್ ಕೊಟ್ಟಾಗ ಅಪ್ಪ ಅದನ್ನು ಅಂಗೈಯಲ್ಲಿ ತಿರುಗಿಸುತ್ತಾ, "ಕೆರೆ ದಾರೀಲಿ ಎಲ್ಲೂ ಇಳಿಯೋ ಹಂಗಿರ್ಲಿಲ್ವಾ?" ಎಂದರು.

"ಇರ್ಲಿಲ್ಲ ಅಪ್ಪ" ಎಂದೆ.

ಅವರು ತಲೆ ಆಡಿಸಿದರು. ಬಿಲ್ಲೆಯನ್ನು ಮತ್ತೆ ಎಲೆಅಡಿಕೆಯ ಡಬ್ಬಿಯೊಳಗೆ ಇಟ್ಟರು.