ಯಾರ ಹಂಗೂ ಇಲ್ಲದ ಹೊಲ

ನಮ್ಮ ಮನೆಯವರಿಗೆ ಪಿಂಚಣಿ ಹತ್ತಿರ ಬಂದಂತೆ ಬುದ್ಧಿ ದೂರ ಹೋಯಿತು. ಲಿಂಗಸುಗೂರಿನ ಕಚೇರಿಯಲ್ಲಿ ಜೀವಮಾನವೆಲ್ಲ ಉರ್ದುವಿನಲ್ಲಿ ಕಾಗದ ಬರೆದ ಮನುಷ್ಯ. ನಿಜಾಮರ ರಾಜ್ಯ ಹೋಯಿತು, ಹೊಸ ಸಾಹೇಬರು ಬಂದರು. ಅವರಿಗೆ ಉರ್ದು ಬರದು, ಇವರಿಗೆ ಇಂಗ್ಲಿಷು ಬರದು. ಒಬ್ಬರ ಮುಖ ಒಬ್ಬರು ನೋಡುತ್ತ ಕೂಡುವುದು ಯಾತಕ್ಕೆಂದು, ಉಳಿದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ, ಮಸ್ಕಿಯ ಆಚೆ ಅವರಪ್ಪ ಬಿಟ್ಟುಹೋಗಿದ್ದ ಎರೆಹೊಲಕ್ಕೆ ನನ್ನನ್ನು ಕರೆತಂದರು.

"ಇನ್ನ ಯಾರ ಹಂಗೂ ಬ್ಯಾಡ. ಉಪ್ಪು, ಕಡ್ಡಿಪೆಟ್ಟಿಗಿ ಬಿಟ್ರ ಎಲ್ಲಾ ನಮ್ಮ ಹೊಲದ್ದ, ನಮ್ಮ ಕೈಯಿಂದನ ಆಗಬೇಕು" ಎಂದರು.

"ಕಲಮು ಬಿಟ್ಟು ಬ್ಯಾರೆ ಏನು ಹಿಡದೀರಿ ಆ ಕೈಲಿ?" ಎಂದೆ. ಆದರೂ ಒಳಗೊಳಗೆ ನನಗೆ ಸಂತೋಷವೇ. ಸಿಂಧನೂರು, ಲಿಂಗಸುಗೂರು ಎಂದು ಬಾಡಿಗೆ ಮನೆಗಳಲ್ಲೇ ನನ್ನ ಆಯುಷ್ಯ ಸವೆದಿತ್ತು. ನೆರೆಯವಳ ಗುರುತು ಹತ್ತಿ, ಸಾರು ಪಲ್ಯ ಕೊಟ್ಟು ತಂದು ಮಾಡುವಷ್ಟರಲ್ಲಿ ಬದಲಿಯ ಹುಕುಂ ಬರುತ್ತಿತ್ತು. ಇನ್ನು ಸಾಯುವ ತನಕ ಒಂದೇ ಊರು, ಗೋಡೆಯ ಮೇಲಿಂದ ಇಣುಕಿ "ಏನು ಮಾಡೀರಿ ಅಡಿಗಿ?" ಎಂದು ಕೇಳುವ ಒಂದೇ ನೆರೆ. ನನಗೆ ಬೇಕಿದ್ದದ್ದು ಅಷ್ಟೇ.

ಈ ಪುಣ್ಯಾತ್ಮ ಮೊದಲ ವಾರದಲ್ಲೇ ಅದಕ್ಕೆ ಕಲ್ಲು ಹಾಕಿದರು. ನಮ್ಮ ಕಡೆ ಆಯ ಅಂತ ಇದೆ. ಬಡಿಗ ವರ್ಷವಿಡೀ ನೇಗಿಲು ಕೂರಿಗೆ ನೋಡಿಕೊಳ್ಳುತ್ತಾನೆ, ಹಡಪದವನು ತಲೆ ಗಡ್ಡ ಮಾಡುತ್ತಾನೆ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುತ್ತಾರೆ. ಇಬ್ಬರೂ ಕೂಡಿ ಮಾತಾಡಿಸಲು ಬಂದರೆ, ಇವರು ಕಚೇರಿಯ ಗತ್ತಿನಲ್ಲಿ, "ನನಗ ಯಾರ ಜರೂರತ್ತೂ ಇಲ್ಲಪಾ, ಎಲ್ಲಾ ನಾನ ಮಾಡ್ಕೋತೀನಿ" ಎಂದುಬಿಟ್ಟರು. ಬಡಿಗ ಹೆಗಲ ಮೇಲಿನ ವಸ್ತ್ರ ಝಾಡಿಸಿ, "ಆಗಲಿ ಸಾಹೇಬ್ರ" ಎಂದು ಹೊರಟುಹೋದ.

ಮಾಡಿಕೊಂಡರು! ಜಾಲಿಯ ಕಟ್ಟಿಗೆ ಕೆತ್ತಿ ಕೂರಿಗೆ ಮಾಡಿಕೊಂಡರು. ಹಿಂಗಾರಿ ಜೋಳ ಬಿತ್ತಿದರೆ, ಹುಟ್ಟಿದ ಸಾಲುಗಳು ಥೇಟ್ ಅವರ ಉರ್ದು ಅಕ್ಷರದ ಹಾಗೆ ಹೊರಳಾಡಿಕೊಂಡು ಬಲದಿಂದ ಎಡಕ್ಕೆ ಹೋಗಿದ್ದವು. "ನೆಲಾನ ಡೊಂಕು ಐತಿ" ಎಂದರು. ಕುಣಿಯಲಾರದವಳೂ ಹಾಗೇ ಅಂದಳಂತೆ. ಗಡ್ಡ ತಾವೇ ಕೆರೆದುಕೊಂಡರು, ತಲೆಕೂದಲು ನನ್ನ ಪಾಲಿಗೆ ಬಂತು. ರವಿಕೆ ಕತ್ತರಿಸುವ ಕತ್ತರಿಯಲ್ಲಿ, ಸಿಟ್ಟೂ ಸೇರಿಸಿ ಕತ್ತರಿಸಿದೆ. ಅವತ್ತಿನಿಂದ ಅವರು ತಲೆಯ ರುಮಾಲು ಬಿಚ್ಚಲಿಲ್ಲ.

ಊರವರು ಜಗಳ ಆಡಲಿಲ್ಲ. ಆಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಎದುರಾದರೆ "ಶರಣ್ರೀ" ಎನ್ನುವರು, ದಾರಿ ಬಿಡುವರು, ಅಷ್ಟೇ. ಒಬ್ಬಳಾದರೂ ಒಂದು ಬೊಗಸೆ ಹಿಟ್ಟು ಕಡ ಕೇಳಲು ಬರಲಿಲ್ಲ. ಬಾಡಿಗೆ ಮನೆಗಳಲ್ಲೂ ನಾನು ಇಷ್ಟು ಪರದೇಶಿ ಆಗಿರಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಒಬ್ಬರನ್ನೊಬ್ಬರು ಕರೆದು ಉಣ್ಣಬೇಕು. ನಾನು ಹಿಂದಿನ ದಿನವೇ ಮನೆಮನೆಗೆ ಹೋಗಿ ಕರೆದೆ. ಬಡಿಗನ ಹೆಂಡತಿ ಒಳ್ಳೆಯವಳು, ಆದರೆ ನಾಲಿಗೆ ಉಳಿಯಷ್ಟೇ ಚೂಪು. "ನಿಮಗ ಯಾರ ಜರೂರತ್ತೂ ಇಲ್ಲಂತಲ್ರೀ ಅವ್ವಾರ. ಉಣ್ಣಾಕ ಮಾತ್ರ ಯಾಕ ನಾವು?" ಎಂದಳು. ಮನೆಗೆ ಬಂದು ನನ್ನ ಟ್ರಂಕಿಗೆ ಸೀರೆ ತುಂಬಿ ಬೀಗ ಹಾಕಿದೆ.

"ನಾಳಿ ನಮ್ಮ ಹೊಲಕ್ಕ ಒಬ್ರೂ ಉಣ್ಣಾಕ ಬರಲಿಲ್ಲಂದ್ರ ನಾ ಲಿಂಗಸುಗೂರಿಗೆ ಹೋಗಾಕಿ. ನೀವೂ ನಿಮ್ಮ ಎತ್ತೂ ಕೂಡಿ ಸಂಸಾರ ಮಾಡ್ರಿ" ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರನ್ನ. ಹಟ ಹಿಡಿದು ಇಡೀ ಊರಿಗಾಗುವಷ್ಟು ಮಾಡಿ ಹೊತ್ತುಕೊಂಡು ಹೋದೆ. ಎಲ್ಲ ಹೊಲಗಳಲ್ಲೂ ಗುಂಪು ಗುಂಪು ಜನ, ನಗು. ನಮ್ಮ ಬನ್ನಿಗಿಡದ ಕೆಳಗೆ ನಾನು, ಅವರು, ಎರಡು ಎತ್ತು. ಬದುವಿನ ಆಚೆಯೇ ಬಡಿಗನ ತುಂಡು ಹೊಲ. ಅವನ ಮಂದಿಯೆಲ್ಲ ಅಲ್ಲಿ ಕೂತಿತ್ತು, ಒಬ್ಬರೂ ಇತ್ತ ತಿರುಗಲಿಲ್ಲ.

ಚರಗ ಚೆಲ್ಲಲು ಇಬ್ಬರು ಬೇಕು. ಒಬ್ಬರು ಮುಂದೆ ಬೆಳೆಯ ಮೇಲೆ ಅಡುಗೆ ಚೆಲ್ಲುತ್ತ ಹೋಗಬೇಕು, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಬರಬೇಕು. ಇವರು ಬುಟ್ಟಿ ಹಿಡಿದು ನಿಂತು, "ತಂಬಿಗಿ ತಗೊಂಡು ಬಾ" ಎಂದರು.

"ನನ್ನ ಹಂಗು ಯಾಕ್ರೀ? ನೀವ ಮಾಡ್ಕೋರಿ" ಎಂದು ನಾನು ಕಾಲು ಚಾಚಿ ಕೂತೆ.

ಕೆಣಕಿದರೆ ಬಿಡುವ ಜಾತಿಯೇ ಅಲ್ಲ. ಬುಟ್ಟಿಯನ್ನು ಕಂಕುಳಲ್ಲಿ ಅವುಚಿ, ಎಡಗೈಯಲ್ಲಿ ತುಂಬಿದ ತಂಬಿಗೆ, ಬಲಗೈಯಿಂದ ಚೆಲ್ಲುತ್ತ "ಹುಲಿಗ್ಯೋ!" ಎಂದು ಚರಗದ ಕೂಗು ಹಾಕುತ್ತ ಹೊರಟರು. ಮುಂದೆ ಒಂದು ಹಿಡಿ ಚೆಲ್ಲುವುದು, ಗಿರಕ್ಕನೆ ತಿರುಗಿ ಅದರ ಮೇಲೆ ನೀರು ಹಾಕುವುದು, ಮತ್ತೆ ಮುಂದೆ ಓಡುವುದು. ಸಾಲುಗಳೂ ಅವರ ಕೈಯ ಕೆಲಸವೇ ಅಲ್ಲವೇ, ಎತ್ತ ಹೋಗುತ್ತವೋ ಶಿವನಿಗೇ ಗೊತ್ತು. ಒಣಗಿ ಬಾಯಿಬಿಟ್ಟ ಎರೆನೆಲದ ಬಿರುಕಿನಲ್ಲಿ ಕಾಲು ಸಿಕ್ಕಿ ಕುಕ್ಕರಿಸಿ ಬಿದ್ದರು. ತಂಬಿಗೆ ಮೇಲೆ ಹೋಗಿ ನೀರು ತಲೆಯ ಮೇಲೆ ಬಂತು, ರುಮಾಲು ಬಿಚ್ಚಿ ಜೋಳಕ್ಕೆ ಸಿಕ್ಕಿಕೊಂಡಿತು. ಸುತ್ತಲಿನ ಹೊಲಗಳ ನಗು ಒಮ್ಮೆಲೇ ನಿಂತಿತು. ನಾನು ಎದ್ದು ಓಡಿದೆ.

ನನಗಿಂತ ಮೊದಲೇ ಬಡಿಗ ಬದು ಹಾರಿ ಬಂದಿದ್ದ. ಇವರು ಕೂತಲ್ಲೇ ಕಾಲು ಎಳೆದರು, ಬರಲಿಲ್ಲ. ಮತ್ತೆ ಎಳೆದರು. ಬಡಿಗ ಕೈಕಟ್ಟಿ ನಿಂತು ನೋಡುತ್ತಿದ್ದ. ಕೊನೆಗೆ ಮುಖ ಮೇಲೆತ್ತದೆ, "ಕೈ ಕೊಡೋ ಮಾರಾಯಾ" ಎಂದರು.

"ಆಯ?"

"ಕೊಡ್ತೀನಿ."

"ಆ ಕೂರಿಗಿ?"

"ಒಲಿಗೆ ಹಾಕ್ತೀನಿ, ಮೊದಲ ಎತ್ತಲೇ!"

ಕೈ ಕೊಟ್ಟು ಎಬ್ಬಿಸಿದ. ಅಷ್ಟರಲ್ಲಿ ಹಡಪದವನೂ ಬಂದು, ರುಮಾಲಿಲ್ಲದ ತಲೆಯ ಮೇಲಿನ ನನ್ನ ಕತ್ತರಿಯ ಕೆಲಸ ನೋಡಿ, "ಶಿವ ಶಿವಾ, ಇದು ಯಾವ ಎಮ್ಮಿ ಮೇಯ್ದದ್ರೀ?" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವರೂ ನಕ್ಕರು, ನನಗೆ ಮಾತ್ರ ಅಳು ಬಂತು. ಬಡಿಗ ಹಿಂದಿನಿಂದ ನೀರು ಚಿಮುಕಿಸಿದ, ಚರಗ ಮುಗಿಯಿತು, ಊರೆಲ್ಲ ನಮ್ಮ ಬನ್ನಿಗಿಡದ ಕೆಳಗೆ ಕೂತಿತು. ಬಡಿಸಿ ಬಡಿಸಿ ನನ್ನ ಸೊಂಟ ಬಿದ್ದುಹೋಯಿತು. ಕಡೆಗೆ ನೋಡಿದರೆ ಬುಟ್ಟಿಯಲ್ಲಿ ಒಂದು ಚೂರೂ ಇಲ್ಲ. ಬಡಿಗನ ಹೆಂಡತಿ ತನ್ನ ಗಂಟು ಬಿಚ್ಚಿ, "ಉಣ್ಣು ಬಾರಬೇ ಯಕ್ಕಾ" ಎಂದು ನನ್ನ ಕೈಗೆ ರೊಟ್ಟಿ ಇಟ್ಟಳು. ಅವ್ವಾರು ಹೋಗಿ ಅಕ್ಕ ಆಗಿದ್ದೆ.

ಸಂಜೆ ಮನೆಗೆ ಬಂದು ಟ್ರಂಕಿನ ಬೀಗ ತೆಗೆಯುತ್ತಿದ್ದೆ. ಇವರು ಊದಿದ ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತ ಗತ್ತಿನಿಂದ ಕೇಳಿದರು:

"ಹೆಂಗಿತ್ತು, ಯಾರ ಹಂಗೂ ಇಲ್ಲದ ನಮ್ಮ ಹೊಲದಾಗಿನ ರೊಟ್ಟಿ?"

"ನನಗೇನ್ರೀ ಗೊತ್ತು? ನಾ ಉಂಡದ್ದು ಬಡಿಗ್ಯಾನ ಮನೀದು" ಎಂದೆ.